ಮಹಾಮಾರಿಯ ಮುಂದೆ ಆಸ್ಪತ್ರೆಯ ಪರಿಜನರು: ಹಾರ್ಬಿನ್ ನಗರದ ಪ್ಲೇಗು (1910–11) ಮತ್ತು ಅದಕ್ಕೆ ಹಿಂದಿನ ನಮ್ಮ ಅನುಭವ

ಮಹಾಮಾರಿಗಳ ಚರಿತ್ರೆಯನ್ನು ಬರೆದವರಲ್ಲಿ ಬಹುಮಂದಿ ರೋಗದ ಹುಟ್ಟನ್ನೂ, ಅದು ಹರಡಿದ ದಾರಿಯನ್ನೂ, ಮಡಿದವರ ಸಂಖ್ಯೆಯನ್ನೂ, ಸರ್ಕಾರಗಳು ಹೊರಡಿಸಿದ ಆಜ್ಞೆಗಳನ್ನೂ ವಿಸ್ತಾರವಾಗಿ ನಿರೂಪಿಸಿರುವರು. ರೋಗಿಯ ಮಂಚದ ಪಕ್ಕದಲ್ಲಿ ನಿಂತಿದ್ದವರ ವಿಷಯವಾದರೋ—ವೈದ್ಯರು, ದಾದಿಯರು, ಕಾಂಪೌಂಡರುಗಳು, ಡೋಲಿ ಹೊತ್ತವರು, ನೆಲ ತೊಳೆದವರು, ಹೆಣ ಸಾಗಿಸಿದವರು—ಆ ಗ್ರಂಥಗಳಲ್ಲಿ ಅಡಿಟಿಪ್ಪಣಿಯ ಮಟ್ಟದಿಂದ ಮೇಲೇಳುವುದು ವಿರಳ. ಒಂದು ಮಾರಿ ಕಳೆದಮೇಲೆ ‘ಆಸ್ಪತ್ರೆಯವರು ಅದಕ್ಕೆ ಸಿದ್ಧರಾಗಿದ್ದರೇ?’ ಎಂಬ ಪ್ರಶ್ನೆ ಏಳುವುದುಂಟು. ಅದಕ್ಕೆ ಉತ್ತರವನ್ನು ಮಂಚಗಳ ಲೆಕ್ಕದಲ್ಲಿಯೂ ಔಷಧದ ದಾಸ್ತಾನಿನಲ್ಲಿಯೂ ಹುಡುಕುವುದು ವಾಡಿಕೆ. ಸಾಮಗ್ರಿಯ ಕೊರತೆ ಸುಳ್ಳಲ್ಲ. ಆದರೆ ಸಿದ್ಧತೆಯಲ್ಲಿ ಇನ್ನೊಂದು ಅಂಶವುಂಟು. ರೋಗವು ಯಾವ ದಾರಿಯಿಂದ ಮೈಸೇರುತ್ತದೆಂಬ ತಿಳಿವಳಿಕೆಯೇ ಅದು. ಈ ತಿಳಿವಳಿಕೆಯನ್ನು ಪರಿಜನರು ಸಾಮಾನ್ಯವಾಗಿ ಹಿಂದಿನ ಮಾರಿಯಿಂದಲೇ ಕಲಿತಿರುತ್ತಾರೆ. ಹಿಂದಿನ ಮಾರಿ ಕಲಿಸಿದ ಪಾಠವು ಸತ್ಯವಾಗಿದ್ದೂ ಮುಂದಿನ ಮಾರಿಯಲ್ಲಿ ಪ್ರಾಣಕ್ಕೆ ಎರವಾಗಬಹುದೆಂಬುದಕ್ಕೆ ಮಂಚೂರಿಯದ ಹಾರ್ಬಿನ್ ನಗರದ ಪ್ರಕರಣದಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ. ಆ ಪಾಠ ಹುಟ್ಟಿದ್ದು ಬಹುಮಟ್ಟಿಗೆ ಹಿಂದೂದೇಶದಲ್ಲಿ. ಆದುದರಿಂದ ವಿಚಾರವನ್ನು ಇಲ್ಲಿಂದಲೇ ಆರಂಭಿಸುವುದು ಯುಕ್ತ.

1896ನೆಯ ಇಸವಿಯ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾಕ್ಟರ್ ಅಕಾಸಿಯೊ ವಿಯೇಗಸರು ಪ್ಲೇಗನ್ನು ಗುರುತಿಸಿದರು. ತೊಡೆಸಂದಿನಲ್ಲಿಯೂ ಕಂಕುಳಲ್ಲಿಯೂ ಗೆಡ್ಡೆ ಏಳುವ ಜಾತಿಯ ಪ್ಲೇಗು ಅದು. ಆಗಿನ ಮುಂಬಯಿಯ ಆಸ್ಪತ್ರೆಗಳಲ್ಲಿ ಈ ರೋಗವನ್ನು ಕಂಡಿದ್ದವರು ಇಲ್ಲವೆಂದೇ ಹೇಳಬೇಕು. ಅಕ್ಟೋಬರ್ 29ರಂದು ಸುಮಾರು ಒಂದು ಸಾವಿರ ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಸಾಂಕ್ರಾಮಿಕ ರೋಗದ ಆಸ್ಪತ್ರೆಯ ಮೇಲೆ ಬಿದ್ದರು. ಒಳಗೆ ಹೋದವರು ಬದುಕಿ ಬರುವುದಿಲ್ಲವೆಂಬ ಮಾತು ಊರೆಲ್ಲ ಹಬ್ಬಿತ್ತು. ಇದಾದ ಒಡನೆಯೇ ಮುನಿಸಿಪಲ್ ಕಮಿಷನರ್ ಸ್ನೋ ಎಂಬವರು ರೋಗಿಗಳನ್ನು ಬಲಾತ್ಕಾರವಾಗಿ ಸಾಗಿಸುವ ಆಜ್ಞೆಯನ್ನು ಸಡಿಲಿಸಿದರು. ಇದಕ್ಕೆ ಅವರಿಗಿದ್ದ ಕಾರಣಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹ. ಕಸ ಗುಡಿಸುವವರೂ ಮಲ ಎತ್ತುವವರೂ ಹೆದರಿ ಊರು ಬಿಟ್ಟರೆ ನಗರವೇ ವಾಸಕ್ಕೆ ಅಯೋಗ್ಯವಾಗುವುದೆಂಬ ಭೀತಿ ಅದು. ಸಮಾಜವು ಯಾರನ್ನು ಕಡೆಯವರೆಂದು ಎಣಿಸಿತ್ತೋ ಅವರು ಹೊರಟುಹೋದರೆ ಮಿಕ್ಕ ವ್ಯವಸ್ಥೆಯೆಲ್ಲವೂ ಕುಸಿಯುವುದೆಂಬುದನ್ನು ಅಧಿಕಾರಿಗಳು ಬಲ್ಲವರಾಗಿದ್ದರು. ಬಲ್ಲವರಾಗಿದ್ದೂ ಅವರ ಸಂಬಳವನ್ನಾಗಲಿ ಸ್ಥಾನವನ್ನಾಗಲಿ ಆ ಅರಿವಿಗೆ ತಕ್ಕಂತೆ ಏರಿಸಲಿಲ್ಲ.

ಕನ್ನಡನಾಡಿಗೆ ರೋಗ ಬಂದದ್ದು ರೈಲುಮಾರ್ಗದಿಂದ. ಹುಬ್ಬಳ್ಳಿ ಧಾರವಾಡಗಳು ಮೊದಲು ತತ್ತರಿಸಿದವು. ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಪಂಡಿತರು ಸಿದ್ಧಪಡಿಸಿ 1897ರ ಜನವರಿ 10ರಂದು ತಮ್ಮ ಮೈಗೇ ಮೊದಲು ಚುಚ್ಚಿಕೊಂಡ ಲಸಿಕೆಯನ್ನು, ಒಂದು ಊರಿಗೆ ಊರೇ ಹಾಕಿಸಿಕೊಂಡ ಮೊದಲ ದೃಷ್ಟಾಂತಗಳಲ್ಲಿ 1898ರ ಹುಬ್ಬಳ್ಳಿ ಒಂದು. ಅಲ್ಲಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟ ಜನರಿಗೆ ಸೂಜಿ ಹಾಕಲಾಯಿತು. ಹಾಫ್ಕಿನ್ ಎಂಬ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕಾಗಿ ಕೋರುತ್ತೇವೆ. ಹದಿಮೂರು ವರ್ಷಗಳ ತರುವಾಯ, ಸಾವಿರಾರು ಮೈಲಿಗಳಾಚೆ, ಅದು ಮತ್ತೊಮ್ಮೆ ಕಾಣಿಸಿಕೊಳ್ಳುತ್ತದೆ.

1898ರ ಆಗಸ್ಟಿನಲ್ಲಿ ಬೆಂಗಳೂರಿಗೂ ಪ್ಲೇಗು ಬಂದಿತು. ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಹಿಂದಿನ ವರ್ಷ ಅಸ್ತಿಭಾರವಿಟ್ಟಿದ್ದ ವಿಕ್ಟೋರಿಯಾ ಆಸ್ಪತ್ರೆಯ ಗೋಡೆಗಳು ಇನ್ನೂ ಏಳುತ್ತಿದ್ದ ಕಾಲ. ಅದರ ಬಾಗಿಲು ತೆರೆದದ್ದು 1900ನೆಯ ಇಸವಿಯ ಡಿಸೆಂಬರಿನಲ್ಲಿ. ಆದುದರಿಂದ ಮೊದಲನೆಯ ಮಾರಿಯನ್ನು ಎದುರಿಸಿದ್ದು ಕಲ್ಲುಕಟ್ಟಡದ ಆಸ್ಪತ್ರೆಯಲ್ಲ, ಊರಾಚೆಯ ಬಯಲಿನಲ್ಲಿ ಎದ್ದ ಷೆಡ್ಡುಗಳು ಮತ್ತು ಬಿಡಾರಗಳು. ತಿರುವಾಂಕೂರಿನಲ್ಲಿ ಜಾತಿಯ ಕಾರಣದಿಂದ ಉದ್ಯೋಗ ದೊರೆಯದೆ ಮೈಸೂರಿನ ಸೇವೆಗೆ ಬಂದಿದ್ದ ಡಾಕ್ಟರ್ ಪಲ್ಪು ಅವರು ಈ ಬಿಡಾರಗಳಲ್ಲಿ ದುಡಿದವರು. ಕೆಲಸದ ಅನುಕೂಲಕ್ಕಾಗಿ ದೂರವಾಣಿಯ ತಂತಿಗಳನ್ನು ಎಳೆದದ್ದೂ, ಬಸವನಗುಡಿ ಮಲ್ಲೇಶ್ವರಗಳ ಬಡಾವಣೆಗಳು ರೂಪುಗೊಂಡದ್ದೂ ಈ ಕಾಲದಲ್ಲಿಯೇ ಎಂಬುದು ಬೆಂಗಳೂರಿನ ಚರಿತ್ರೆ ಬಲ್ಲವರಿಗೆ ಹೊಸ ಮಾತಲ್ಲ. ಪ್ಲೇಗಮ್ಮನ ಗುಡಿಗಳು ಇಂದಿಗೂ ಆ ದಿನಗಳಿಗೆ ಸಾಕ್ಷಿಯಾಗಿವೆ.

ಈ ಬಿಡಾರಗಳಲ್ಲಿಯೂ ಮುಂಬಯಿಯ ಆಸ್ಪತ್ರೆಗಳಲ್ಲಿಯೂ ಒಂದು ವಿಚಿತ್ರ ಸಂಗತಿ ವೈದ್ಯರ ಕಣ್ಣಿಗೆ ಬಿದ್ದಿತು. ರೋಗಿಯೊಡನೆ ಹಗಲಿರುಳು ಇದ್ದ ದಾದಿಯರಿಗೂ ಆಳುಗಳಿಗೂ ರೋಗ ತಗಲುವುದು ತೀರ ಕಡಿಮೆ. ಅದೇ, ರೋಗಿಯನ್ನೇ ಕಾಣದ ಧಾನ್ಯದ ಅಂಗಡಿಯವನು ಮಲಗಿದಲ್ಲಿಯೇ ಸಾಯುತ್ತಾನೆ. ಇದರ ಗುಟ್ಟನ್ನು 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯರು ಕಂಡುಹಿಡಿದರು: ರೋಗವನ್ನು ಒಯ್ಯುವುದು ಇಲಿಯ ಮೈಮೇಲಿನ ಚಿಗಟ. ಆರಂಭದಲ್ಲಿ ಈ ಮಾತನ್ನು ಅಲ್ಲಗಳೆದವರೇ ಹೆಚ್ಚು. 1905ರಲ್ಲಿ ಮುಂಬಯಿಯಲ್ಲಿ ನೆಲೆನಿಂತ ಪ್ಲೇಗು ಸಂಶೋಧನ ಮಂಡಲಿಯವರು ಮುಂದಿನ ಮೂರು ನಾಲ್ಕು ವರ್ಷಗಳಲ್ಲಿ ಇದನ್ನು ನಿಸ್ಸಂದೇಹವಾಗಿ ಸ್ಥಾಪಿಸಿದರು. ಇಲಿಯಿಲ್ಲದ, ಕಾಳುಕಡ್ಡಿಯ ದಾಸ್ತಾನಿಲ್ಲದ, ಸುಣ್ಣ ಬಳಿದ ಷೆಡ್ಡಿನಲ್ಲಿ ಚಿಗಟಕ್ಕೆ ಕೆಲಸವೇನು? ಆದುದರಿಂದ ಪ್ಲೇಗಿನ ಆಸ್ಪತ್ರೆಯು ಪ್ಲೇಗಿನ ಊರಿಗಿಂತ ಸುರಕ್ಷಿತ ಸ್ಥಳವೆಂದು ತೀರ್ಮಾನವಾಯಿತು. ಅಪವಾದಗಳು ಇಲ್ಲದಿರಲಿಲ್ಲ: ಪುಣೆಯ ಬಳಿ ಮಗನ ಚಿಕಿತ್ಸಾಲಯದಲ್ಲಿ ರೋಗಿಗಳ ಸೇವೆಗೆ ನಿಂತ ಸಾವಿತ್ರೀಬಾಯಿ ಫುಲೆಯವರು 1897ರ ಮಾರ್ಚ್ 10ರಂದು ಪ್ಲೇಗಿನಿಂದಲೇ ತೀರಿಕೊಂಡರು. ಶ್ವಾಸಕೋಶಕ್ಕೆ ಇಳಿದ ಪ್ಲೇಗು ಉಸಿರಿನಿಂದ ಹರಡುವುದೆಂದು ತಿಳಿದವರೂ ಇದ್ದರು; ಆದರೆ ಅಂಥ ರೋಗಿಗಳು ಸ್ವಲ್ಪಸಂಖ್ಯೆಯವರಾದುದರಿಂದ ಆ ವಿಚಾರ ಪುಸ್ತಕದ ಮೂಲೆಯಲ್ಲಿ ಉಳಿಯಿತು. ‘ಇಲಿಯನ್ನು ಹಿಡಿ, ರೋಗಿಗೆ ಹೆದರಬೇಡ’ ಎಂಬಷ್ಟೇ ಪರಿಜನರ ಮನಸ್ಸಿನಲ್ಲಿ ನಿಂತ ಪಾಠ. ಲಕ್ಷಾಂತರ ಸಾವುಗಳ ಬೆಲೆ ತೆತ್ತು ಪಡೆದ, ತನ್ನ ಎಲ್ಲೆಯಲ್ಲಿ ಸರ್ವಥಾ ಸತ್ಯವಾದ ಪಾಠವಿದು.

ಈಗ ಮಂಚೂರಿಯಕ್ಕೆ ಬರೋಣ. ಅಲ್ಲಿಯ ಹುಲ್ಲುಗಾವಲುಗಳಲ್ಲಿ ತಾರಬಾಗಾನ್ ಎಂಬ ಬಿಲವಾಸಿ ಪ್ರಾಣಿಯುಂಟು. ಅದರ ತುಪ್ಪುಳುಚರ್ಮಕ್ಕೆ ಯೂರೋಪಿನ ಪೇಟೆಯಲ್ಲಿ ಬೆಲೆ ಏರಿದ್ದರಿಂದ ಷಾಂಡುಂಗ್ ಪ್ರಾಂತದ ಬಡವರು ಬೇಟೆಗೆಂದು ಗುಂಪುಗುಂಪಾಗಿ ಉತ್ತರಕ್ಕೆ ಹೋದರು. ಸೊರಗಿದ ಪ್ರಾಣಿಯನ್ನು ಮುಟ್ಟಬಾರದೆಂಬುದು ಪರಂಪರೆಯ ಬೇಟೆಗಾರರಿಗೆ ಗೊತ್ತಿತ್ತು; ಹೊಸಬರಿಗೆ ಗೊತ್ತಿರಲಿಲ್ಲ. 1910ರ ಚಳಿಗಾಲದಲ್ಲಿ ರೋಗ ಹತ್ತಿದ ಇವರು ಕಿಕ್ಕಿರಿದ ಛತ್ರಗಳಲ್ಲಿ ಮಲಗಿ, ಹೊಸವರುಷದ ಹಬ್ಬಕ್ಕೆ ಊರಿಗೆ ಮರಳಲು ರೈಲು ಹತ್ತಿದರು. ಹಾರ್ಬಿನ್ನಿನ ರೈಲುವಸತಿ ರಷ್ಯನರ ಅಧೀನದಲ್ಲಿದ್ದಿತು. ಅದಕ್ಕೆ ತಗುಲಿದ ಫೂಜ್ಯಾದ್ಯೆನ್ ಎಂಬ ಚೀನೀ ಪೇಟೆಯಲ್ಲಿ ಸುಮಾರು 24,000 ಜನರಿದ್ದರು. ಅಲ್ಲಿಗೆ 1910ರ ಡಿಸೆಂಬರ್ 24ರಂದು ಚೀನಾದ ರಾಜಾಸ್ಥಾನವು ಕಳುಹಿಸಿದ ವೈದ್ಯರು ವೂ ಲಿಯೆನ್-ತೆ. ಪಿನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದವರು, ವಯಸ್ಸು ಮೂವತ್ತೊಂದು.

ಬಂದ ಮೂರನೆಯ ದಿನ ಅವರು ಛತ್ರ ನಡೆಸುತ್ತಿದ್ದ ಒಬ್ಬ ಜಪಾನೀ ಹೆಂಗಸಿನ ಶವವನ್ನು ಗುಟ್ಟಾಗಿ ಸೀಳಿ ಪರೀಕ್ಷಿಸಿದರು. ಶವಚ್ಛೇದನವು ಆ ದೇಶದಲ್ಲಿ ನಿಷಿದ್ಧವಾಗಿತ್ತು. ಪ್ಲೇಗಿನ ಸೂಕ್ಷ್ಮಜಂತುಗಳು ಶ್ವಾಸಕೋಶದಲ್ಲಿ ತುಂಬಿದ್ದವು. ಅದೇ ಕಾಲದಲ್ಲಿ ಅಲ್ಲಿಯೇ ಒಬ್ಬ ಜಪಾನೀ ಸಂಶೋಧಕರು ಹಿಂದೂದೇಶದ ಪಾಠವನ್ನು ಅನುಸರಿಸಿ ನೂರಾರು ಇಲಿಗಳನ್ನು ಕೊಯ್ದು ನೋಡುತ್ತಿದ್ದರು. ಒಂದರಲ್ಲಿಯೂ ಪ್ಲೇಗು ಸಿಕ್ಕಲಿಲ್ಲ. ವೂ ಅವರ ತೀರ್ಮಾನ ಸರಳವಾಗಿತ್ತು. ಇದು ಚಿಗಟದಿಂದ ಬಂದುದಲ್ಲ. ಒಬ್ಬನ ಕೆಮ್ಮಿನಿಂದ ಮತ್ತೊಬ್ಬನ ಉಸಿರಿಗೆ ನೇರವಾಗಿ ಹೋಗುತ್ತಿದೆ. ಹಾಗಾದರೆ ಆಸ್ಪತ್ರೆಯ ಪರಿಜನರು ಮೂಗು ಬಾಯಿಗಳನ್ನು ಮುಚ್ಚಿಕೊಳ್ಳಬೇಕು. ಎರಡು ಪದರ ಜಾಳುಬಟ್ಟೆಯ ನಡುವೆ ಹತ್ತಿಯ ದಿಂಡನ್ನಿರಿಸಿ ತಲೆಯ ಹಿಂದೆ ಕಟ್ಟಿಕೊಳ್ಳುವ ಮುಖಗವಸನ್ನು ಅವರು ಗೊತ್ತುಮಾಡಿದರು. ಅದರ ಬೆಲೆ ಕೆಲವು ಕಾಸುಗಳು. ಬೇಕಾದ ಪದಾರ್ಥಗಳು ಯಾವ ಪೇಟೆಯಲ್ಲಿಯೂ ಸಿಕ್ಕುವಂಥವು. ಸಾಮಗ್ರಿಯ ಅಭಾವವು ಇಲ್ಲಿ ಪ್ರಶ್ನೆಯೇ ಆಗಿರಲಿಲ್ಲವೆಂಬುದನ್ನು ಗಮನಿಸಬೇಕು.

ರಷ್ಯನರ ಪ್ಲೇಗು ಆಸ್ಪತ್ರೆಗೆ ವೂ ಅವರು ಭೇಟಿಯಿತ್ತಾಗ ಅದರ ಮುಖ್ಯಸ್ಥರಾಗಿದ್ದವರು ಡಾಕ್ಟರ್ ಹಾಫ್ಕಿನ್. ಹುಬ್ಬಳ್ಳಿಗೆ ಲಸಿಕೆಯನ್ನಿತ್ತ ಹಾಫ್ಕಿನ್ನರ ಸಹೋದರನ ಮಗ. ಅಲ್ಲಿನ ವೈದ್ಯರೂ ಪರಿಚಾರಕರೂ ಬಿಳಿಯ ನಿಲುವಂಗಿ ತೊಟ್ಟು ಟೋಪಿ ಧರಿಸಿದ್ದರು; ಮುಖಕ್ಕೆ ಏನೂ ಇರಲಿಲ್ಲ. ದೊಡ್ಡಪ್ಪನ ಲಸಿಕೆಯನ್ನು ಚುಚ್ಚಿಸಿಕೊಂಡವನಿಗೆ ಬೇರೆ ರಕ್ಷಣೆ ಬೇಡವೆಂಬುದು ಆ ಮುಖ್ಯಸ್ಥರ ನಂಬಿಕೆ. ಗೆಡ್ಡೆಯ ಪ್ಲೇಗಿನಲ್ಲಿ ಆ ಲಸಿಕೆ ಬಹುಮಟ್ಟಿಗೆ ಕಾಪಾಡಿದ್ದು ನಿಜ. ಉಸಿರಿನ ದಾರಿಯಿಂದ ಬರುವ ರೋಗದ ಮುಂದೆ ಅದರ ಬಲ ಸಾಲದಾಯಿತು. ಕುಟುಂಬದ ಕೀರ್ತಿ, ಹಿಂದೂದೇಶದ ಅನುಭವ, ಅಚ್ಚಾದ ವರದಿಗಳು—ಇವೆಲ್ಲವೂ ಸೇರಿ ಆ ವಾರ್ಡಿನಲ್ಲಿ ಒಂದು ಧೈರ್ಯವನ್ನು ನೆಲೆಗೊಳಿಸಿದ್ದವು.

ಅದೇ ವಾರ್ಡಿಗೆ 1911ರ ಜನವರಿ 5ರಂದು ಮೆಸ್ನಿ ಎಂಬ ಫ್ರೆಂಚ್ ವೈದ್ಯರು ಹೋದರು. ಇವರು ತಿಯಾನ್‌ಜಿನ್‌ನಲ್ಲಿದ್ದ ವೈದ್ಯಶಾಲೆಯ ಹಿರಿಯ ಅಧ್ಯಾಪಕರು. ಚೀನಾದಲ್ಲಿ ಗೆಡ್ಡೆಯ ಪ್ಲೇಗನ್ನು ಎದುರಿಸಿದ್ದವರು. ವೂ ಅವರಿಗಿಂತ ವಯಸ್ಸಿನಲ್ಲಿಯೂ ಅನುಭವದಲ್ಲಿಯೂ ದೊಡ್ಡವರು. ಎರಡು ದಿನಗಳ ಮುಂಚೆಯಷ್ಟೇ ವೂ ಅವರು ಮುಖಗವಸಿನ ಮಾತೆತ್ತಿದಾಗ ಮೆಸ್ನಿ ಸಿಡಿದೆದ್ದು, ಚೀನೀಯನೊಬ್ಬನು ತನಗೆ ಬುದ್ಧಿ ಹೇಳುವುದೇ ಎಂಬರ್ಥದ ಅವಹೇಳನ ಮಾಡಿದರೆಂದು ವೂ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿರುವರು. ವೂ ಪೀಕಿಂಗಿಗೆ ತಂತಿ ಕಳುಹಿಸಿ ರಾಜೀನಾಮೆಗೆ ಸಿದ್ಧರಾದರು. ಆಸ್ಥಾನವು ಅವರನ್ನೇ ಎತ್ತಿಹಿಡಿಯಿತು. ಮೆಸ್ನಿ ನಿಲುವಂಗಿ, ಟೋಪಿ, ರಬ್ಬರಿನ ಕೈಗವಸುಗಳನ್ನು ಧರಿಸಿ, ಮುಖವನ್ನು ಮಾತ್ರ ತೆರೆದಿಟ್ಟುಕೊಂಡು ನಾಲ್ವರು ರೋಗಿಗಳನ್ನು ಪರೀಕ್ಷಿಸಿದರು. 8ನೆಯ ತಾರೀಖು ಅವರಿಗೆ ಚಳಿಯೂ ತಲೆನೋವೂ ಆರಂಭವಾಯಿತು. 11ನೆಯ ತಾರೀಖು ಮರಣ ಹೊಂದಿದರು.

ಮೆಸ್ನಿಯವರ ಸಾವಿಗೆ ಜನಾಂಗದ ಗರ್ವವೇ ಕಾರಣವೆಂದು ಮುಗಿಸಿಬಿಡುವುದು ಸುಲಭ. ಬಹುಮಂದಿ ಲೇಖಕರು ಹಾಗೆಯೇ ಮಾಡಿದ್ದಾರೆ. ಗರ್ವವಿದ್ದುದು ದಿಟ. ಆದರೆ ಅವರ ಉಡುಪನ್ನು ಇನ್ನೊಮ್ಮೆ ನೋಡಿರಿ: ಕೈಗವಸು ಉಂಟು, ನಿಲುವಂಗಿ ಉಂಟು, ಟೋಪಿ ಉಂಟು. ಎಚ್ಚರಿಕೆಯಿಲ್ಲದ ಮನುಷ್ಯನ ವೇಷವಲ್ಲ ಅದು. ಸೋಂಕು ಕೈಯಿಂದಲೂ ಬಟ್ಟೆಯಿಂದಲೂ ಚಿಗಟದಿಂದಲೂ ಬರುವುದೆಂದು ಕಲಿತವನು ಕ್ರಮವಾಗಿ ಆ ಬಾಗಿಲುಗಳನ್ನೆಲ್ಲ ಮುಚ್ಚಿದ್ದಾನೆ. ತೆರೆದಿದ್ದುದು, ತೆರೆದಿದೆಯೆಂದು ಅವನ ವಿದ್ಯೆ ಹೇಳದೆ ಉಳಿದಿದ್ದ ಬಾಗಿಲು. ಹೊಸಬರಾದ ವೂ ಅವರಿಗೆ ಮರೆಯಬೇಕಾದುದು ಕಡಿಮೆಯಿತ್ತು. ಪರಿಣತರಾದ ಮೆಸ್ನಿಯವರಿಗೆ ಬಹಳವಿತ್ತು. ಅಲ್ಲದೆ, ಮುಕ್ಡೆನ್ನಿನ ರೈಲುನಿಲ್ದಾಣದಲ್ಲಿ ಪ್ರಯಾಣಿಕರನ್ನು ಪರೀಕ್ಷಿಸುತ್ತಿದ್ದ ಆರ್ಥರ್ ಜ್ಯಾಕ್ಸನ್ ಎಂಬ ತರುಣ ವೈದ್ಯರು ಎಚ್ಚರಿಕೆಗಳನ್ನು ಕೈಗೊಂಡಿದ್ದೂ ಅದೇ ಜನವರಿ 25ರಂದು ಮಡಿದರೆಂಬುದನ್ನು ಮರೆಯಲಾಗದು. ಬಟ್ಟೆಯ ತುಂಡೊಂದೇ ಅಭಯವೆಂದು ಹೇಳುವವರು ಆ ಸಾವನ್ನೂ ವಿವರಿಸಬೇಕಾಗುತ್ತದೆ.

ಮೆಸ್ನಿಯವರ ಮರಣವಾರ್ತೆ ಹಬ್ಬಿದ ತರುವಾಯ ಹಾರ್ಬಿನ್ನಿನ ಬೀದಿಯಲ್ಲಿ ಮುಖಗವಸಿಲ್ಲದವರೇ ಅಪರೂಪವಾದರು. ವಾದದಿಂದ ಆಗದಿದ್ದುದನ್ನು ಒಂದು ಶವ ಮಾಡಿತು. ವೂ ಪೇಟೆಯನ್ನು ನಾಲ್ಕು ಭಾಗಮಾಡಿ, ಭಾಗಕ್ಕೊಬ್ಬ ವೈದ್ಯರನ್ನು ನೇಮಿಸಿ, ನಾಲ್ಕು ಬಣ್ಣದ ತೋಳುಪಟ್ಟಿಗಳನ್ನು ಕೊಡಿಸಿ, ಒಂದು ಭಾಗದವರು ಇನ್ನೊಂದಕ್ಕೆ ಹೋಗದಂತೆ ಸೈನ್ಯದ ಕಾವಲಿಡಿಸಿದರು. ರೈಲಿನ ಡಬ್ಬಿಗಳು ಸಂಪರ್ಕಿತರ ವಾಸಸ್ಥಾನಗಳಾದವು. ನೆಲ ಹೆಪ್ಪುಗಟ್ಟಿ ಹೂಳಲಾಗದೆ ಬಿದ್ದಿದ್ದ ಎರಡು ಸಾವಿರಕ್ಕೂ ಹೆಚ್ಚು ಶವಗಳನ್ನು, ರಾಜಾಜ್ಞೆ ಪಡೆದು ಜನವರಿ 31ರಂದು ದಹಿಸಲಾಯಿತು. ಪಿತೃಭಕ್ತಿಯೇ ಧರ್ಮವಾದ ದೇಶದಲ್ಲಿ ಇದು ಸಣ್ಣ ನಿರ್ಧಾರವಲ್ಲ. ಮಾರ್ಚ್ ಆರಂಭದ ಹೊತ್ತಿಗೆ ಫೂಜ್ಯಾದ್ಯೆನ್ನಿನಲ್ಲಿ ಸಾವುಗಳು ನಿಂತವು. ಮಂಚೂರಿಯದಲ್ಲೆಲ್ಲ ಸೇರಿ ಮಡಿದವರು ಸುಮಾರು 60,000. ರೋಗ ತಗಲಿದವರಲ್ಲಿ ಬದುಕಿದವರು ಇಲ್ಲವೆಂಬಷ್ಟು ವಿರಳ.

ಇಲ್ಲಿಯವರೆಗಿನ ಕಥೆ ವೈದ್ಯರದು; ಎಲ್ಲ ಪುಸ್ತಕಗಳಲ್ಲಿಯೂ ಉಂಟು. ಪರಿಜನರ ಸಿದ್ಧತೆಯನ್ನು ವಿಚಾರಿಸುವವನಿಗೆ ಇದಕ್ಕಿಂತ ಮುಖ್ಯವಾದುದು ಫೂಜ್ಯಾದ್ಯೆನ್ನಿನ ನಿವಾರಣಾಕಾರ್ಯದಲ್ಲಿ ತೊಡಗಿದ್ದವರ ಲೆಕ್ಕ. ಎಲ್ಲ ವರ್ಗಗಳೂ ಸೇರಿ ಹತ್ತಿರ ಹತ್ತಿರ 3,000 ಜನ. ಅವರಲ್ಲಿ ಸತ್ತವರು ಸುಮಾರು 300. ವೈದ್ಯರಲ್ಲಿಯೂ ವೈದ್ಯವಿದ್ಯಾರ್ಥಿಗಳಲ್ಲಿಯೂ ಸತ್ತವರು ಬೆರಳಿನಲ್ಲಿ ಎಣಿಸುವಷ್ಟು. ಕೂಲಿಯಾಳುಗಳು ನೂರರ ಲೆಕ್ಕದಲ್ಲಿ ಅಳಿದರು. ರೋಗಿಗಳನ್ನು ಸಾಗಿಸುತ್ತಿದ್ದ ಗಾಡಿಯವರಲ್ಲಿಯಂತೂ ಹೆಚ್ಚುಕಡಿಮೆ ಅರ್ಧದಷ್ಟು ಜನ ಹೋದರು. ಮುಖಗವಸು ಎಲ್ಲರಿಗೂ ಇದ್ದಿತೆಂದೇ ಇಟ್ಟುಕೊಳ್ಳೋಣ. ಆದರೆ ವೈದ್ಯನಿಗೆ ಅದು ಏಕೆಂಬುದು ತಿಳಿದಿತ್ತು, ಒದ್ದೆಯಾದರೆ ಬದಲಿಸುವ ಅವಕಾಶವಿತ್ತು, ಕೆಲಸ ಮುಗಿದಮೇಲೆ ಪ್ರತ್ಯೇಕವಾದ ಕೋಣೆಯಿತ್ತು. ಗಾಡಿಯವನು ಸೊನ್ನೆಗಿಂತ ಎಷ್ಟೋ ಕೆಳಗಿನ ಚಳಿಯಲ್ಲಿ ಕೆಮ್ಮುವ ರೋಗಿಯನ್ನು ಎತ್ತಿ, ಹೆಗಲಿಗೆ ಹೆಗಲು ತಗುಲಿಸಿ ಕುಳಿತು, ರಾತ್ರಿ ಜೊತೆಗಾರರ ನಡುವೆ ಮಲಗಿದನು. ವೂ ಅವರ ಹಿರಿಮೆಯಲ್ಲಿ ನಮಗೆ ಸಂದೇಹವಿಲ್ಲ. ಆದರೂ ಸಿದ್ಧತೆಯು ಸಂಬಳದ ಶ್ರೇಣಿಯನ್ನು ಅನುಸರಿಸಿ ಇಳಿಯುತ್ತಾ, ಸೋಂಕು ಅದೇ ಶ್ರೇಣಿಯನ್ನು ಏರುತ್ತಾ ಬಂದುದು ಆ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

1911ರ ಏಪ್ರಿಲಿನಲ್ಲಿ ಮುಕ್ಡೆನ್ನಿನಲ್ಲಿ ಹನ್ನೊಂದು ದೇಶಗಳ ವಿದ್ವಾಂಸರು ಸೇರಿದರು. ವೂ ಅವರೇ ಅಧ್ಯಕ್ಷರು. ಹಿಂದೂದೇಶದ ಪ್ಲೇಗು ಸಂಶೋಧನೆಯಲ್ಲಿ ದುಡಿದಿದ್ದ ಪೆಟ್ರಿಯವರೂ ಅಲ್ಲಿದ್ದರು. ರೋಗಿಯು ಸುಮ್ಮನೆ ಉಸಿರಾಡುವಾಗಲ್ಲ, ಕೆಮ್ಮುವಾಗ ಜಂತುಗಳು ಹೊರಚೆಲ್ಲುವುವೆಂದು ಅಮೆರಿಕದ ಸ್ಟ್ರಾಂಗ್ ಮತ್ತು ಟೀಗ್ ಪ್ರಯೋಗದಿಂದ ತೋರಿಸಿದರು. ಇದಕ್ಕಿಂತ ಬಾಳಿಕೆಯ ಫಲವೆಂದರೆ 1912ರಲ್ಲಿ ಹುಟ್ಟಿದ ಉತ್ತರ ಮಂಚೂರಿಯದ ಪ್ಲೇಗು ನಿವಾರಣಾ ಸಂಸ್ಥೆ. ಸುಂಕದ ಹಣದಿಂದ ಅದರ ಆಸ್ಪತ್ರೆಗಳು ನಡೆದವು. ರೋಗವಿಲ್ಲದ ವರ್ಷಗಳಲ್ಲಿಯೂ ಪರಿಜನರಿಗೆ ಸಂಬಳ ಸಂದಿತು. 1920–21ರಲ್ಲಿ ಅದೇ ರೋಗ ಅದೇ ದಾರಿಯಲ್ಲಿ ಮರಳಿ ಬಂದಾಗ ಸತ್ತವರು ಹತ್ತು ಸಾವಿರಕ್ಕೆ ಒಳಗು. ಅರವತ್ತು ಸಾವಿರಕ್ಕೂ ಇದಕ್ಕೂ ಇರುವ ಅಂತರಕ್ಕೆ ಕಾರಣಗಳು ಹಲವು. ಆದರೆ ಸುಮ್ಮನಿದ್ದ ವರ್ಷಗಳಲ್ಲಿ ಕೊಟ್ಟ ಸಂಬಳವು ಅವುಗಳಲ್ಲಿ ಒಂದೆಂದು ಹೇಳಲು ಅಡ್ಡಿಯಿಲ್ಲ.

ಹಾರ್ಬಿನ್ನಿನ ವಾದವು ಅಲ್ಲಿಗೇ ಮುಗಿಯಲಿಲ್ಲ. 2003ನೆಯ ಇಸವಿಯಲ್ಲಿ ಸಾರ್ಸ್ ಎಂಬ ಶ್ವಾಸರೋಗ ಹರಡಿದಾಗ ಒಟ್ಟು 8,096 ರೋಗಿಗಳಲ್ಲಿ 1,706 ಮಂದಿ ಆಸ್ಪತ್ರೆಗಳಲ್ಲಿ ದುಡಿಯುವವರೇ ಆಗಿದ್ದರು. ಹಾಂಗ್‌ಕಾಂಗಿನ ಪ್ರಿನ್ಸ್ ಆಫ್ ವೇಲ್ಸ್ ಆಸ್ಪತ್ರೆಯಲ್ಲಿ ಒಬ್ಬ ರೋಗಿಗೆ ಉಸಿರಿನ ಸಲೀಸಿಗೆಂದು ಕೊಟ್ಟ ಔಷಧದ ಮಂಜೇ ಸೋಂಕನ್ನು ವಾರ್ಡಿಗೆಲ್ಲ ಎರಚಿತೆಂದು ಶಂಕಿಸಲಾಯಿತು. ಹಾಸಿಗೆಯ ಬಳಿ ಪಾಠ ಕಲಿಯಲು ನಿಂತಿದ್ದ ವಿದ್ಯಾರ್ಥಿಗಳೂ ಮಲಗಿದರು. ಕೆನಡದ ಟೊರಾಂಟೊದಲ್ಲಿ ರೋಗ ಅಡಗಿತೆಂದು ಮೇ ತಿಂಗಳಿನಲ್ಲಿ ಎಚ್ಚರಿಕೆಗಳನ್ನು ಸಡಿಲಿಸಿದ ಕೂಡಲೇ ಎರಡನೆಯ ಅಲೆ ಎದ್ದಿತು. ಅಲ್ಲಿಯ ದಾದಿಯರು ವಾರ್ಡಿನಲ್ಲಿ ಮತ್ತೆ ಅದೇ ಲಕ್ಷಣಗಳನ್ನು ಕಾಣುತ್ತಿದ್ದೇವೆಂದು ಮುಂಚೆಯೇ ಹೇಳಿದ್ದರೂ ಅವರ ಮಾತಿಗೆ ಬೆಲೆ ಸಿಗಲಿಲ್ಲವೆಂಬುದನ್ನು ನ್ಯಾಯಮೂರ್ತಿ ಕ್ಯಾಂಪ್‌ಬೆಲ್ಲರ ವಿಚಾರಣಾ ಮಂಡಲಿ ದಾಖಲಿಸಿದೆ. ನಿಶ್ಚಿತ ಪ್ರಮಾಣ ದೊರೆಯುವವರೆಗೆ ಕಾಯದೆ ದುಡಿಯುವವರನ್ನು ಮೊದಲು ಕಾಪಾಡಬೇಕೆಂಬುದು ಆ ಮಂಡಲಿಯ ಮುಖ್ಯ ಸಲಹೆಯಾಗಿತ್ತು.

2020ರಲ್ಲಿ ಕೋವಿಡ್ ಬಂದಾಗ ಈ ಸಲಹೆಗೆ ಹದಿಮೂರು ವರ್ಷಗಳಾಗಿದ್ದವು. ಆ ವರ್ಷದ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ರೋಗ ಗಾಳಿಯಲ್ಲಿ ತೇಲಿ ಹರಡುವುದಲ್ಲ, ಹನಿಗಳಿಂದ ಹರಡುವುದೆಂದು ಸಾರಿ, ಸಾಮಾನ್ಯ ಶುಶ್ರೂಷೆಗೆ ಸಾಧಾರಣ ಮುಖಗವಸೇ ಸಾಕೆಂದಿತು. ಗಾಳಿಯ ದಾರಿಯನ್ನು ಅದು ಸ್ಪಷ್ಟವಾಗಿ ಒಪ್ಪಿಕೊಂಡದ್ದು 2021ರಲ್ಲಿ. ಹನಿಯ ಸಿದ್ಧಾಂತವೂ ಹಿಂದಿನ ಹಲವು ರೋಗಗಳಲ್ಲಿ ನೆರವಾಗಿದ್ದ ಪಾಠವೇ. 2020ರ ಜನವರಿಯಿಂದ 2021ರ ಮೇ ವರೆಗೆ ಲೋಕದಲ್ಲಿ 80,000ದಿಂದ 1,80,000ದಷ್ಟು ಆರೋಗ್ಯಸೇವಕರು ಈ ರೋಗದಿಂದ ಮಡಿದಿರಬಹುದೆಂದು ಅದೇ ಸಂಸ್ಥೆ ಅಂದಾಜು ಮಾಡಿತು. ಅಂದಾಜಿನ ಎರಡು ತುದಿಗಳ ನಡುವಣ ಅಂತರವೇ ಎಣಿಕೆಯ ಸ್ಥಿತಿಯನ್ನು ಹೇಳುತ್ತದೆ.

ನಮ್ಮ ದೇಶದ ಮೊದಲ ಕೋವಿಡ್ ಮರಣ 2020ರ ಮಾರ್ಚ್ 10ರಂದು ಕಲಬುರಗಿಯ ಒಬ್ಬ ವೃದ್ಧರದು. ಅವರಿಗೆ ಚಿಕಿತ್ಸೆ ಮಾಡಿದ ವೈದ್ಯರಿಗೂ ಸೋಂಕು ತಗಲಿದ್ದು ಕೆಲವೇ ದಿನಗಳಲ್ಲಿ ಖಚಿತವಾಯಿತು. ಮುಂದಿನ ತಿಂಗಳುಗಳಲ್ಲಿ ಕರ್ನಾಟಕದ ಮನೆಮನೆಯ ಬಾಗಿಲಿಗೆ ಹೋಗಿ ಜ್ವರ ವಿಚಾರಿಸಿದವರು ಆಶಾ ಕಾರ್ಯಕರ್ತೆಯರು. ಇವರನ್ನು ಸರ್ಕಾರದ ಭಾಷೆಯಲ್ಲಿ ನೌಕರರೆಂದು ಕರೆಯುವುದಿಲ್ಲ, ಸ್ವಯಂಸೇವಕಿಯರೆನ್ನುತ್ತಾರೆ. ಇವರಿಗೆ ಸಲ್ಲುವುದಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆನ್ನುತ್ತಾರೆ. ಶಬ್ದಾರ್ಥವನ್ನು ಬಲ್ಲ ಈ ಪತ್ರಿಕೆಯ ವಾಚಕರಿಗೆ ಆ ಎರಡು ಮಾತುಗಳ ನಡುವಣ ಭೇದವನ್ನು ಬಿಡಿಸಿ ಹೇಳಬೇಕಾಗಿಲ್ಲ. 2020ರ ಜುಲೈ 10ರಿಂದ ರಾಜ್ಯದ ನಲವತ್ತು ಸಾವಿರಕ್ಕೂ ಮಿಕ್ಕ ಕಾರ್ಯಕರ್ತೆಯರು ಕೆಲಸ ನಿಲ್ಲಿಸಿದರು. ಅವರು ಕೇಳಿದ್ದು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ. ಅದರೊಡನೆ ಮುಖಗವಸು, ಕೈಗವಸು ಮೊದಲಾದ ರಕ್ಷಣೆಯ ಸಾಮಗ್ರಿ.